ಕಂಪ್ಯೂಟರ್ ಅಕ್ಕನ ಅಂಕಣ: ಪ್ರೊಸೆಸರ್ ಯಾಕೆ ಬಿಸಿಯಾಗುತ್ತದೆ?

ಯುಗಾದಿ ಮುಗಿದರೆ ಸಾಕು, ರಾಣೆಬೆನ್ನೂರಿನ ನನ್ನ ರಿಪೇರಿ ಅಂಗಡಿಗೆ ಬರುವ ಪೆಟ್ಟಿಗೆಗಳ ರೋಗವೇ ಬೇರೆಯಾಗುತ್ತದೆ. ಮಳೆಗಾಲದಲ್ಲಾದರೆ ಸಿಡಿಲಿಗೆ ಸುಟ್ಟ ಮೋಡೆಮ್, ಹಾಳಾದ ಪವರ್ ಸಪ್ಲೈ ಬರುತ್ತವೆ. ಬೇಸಿಗೆಯಲ್ಲಿ ಮಾತ್ರ ಎಲ್ಲರದೂ ಒಂದೇ ದೂರು: "ತಾನಾಗೇ ಆಫ್ ಆಗುತ್ತೆ." ಈ ತಿಂಗಳು ಬಂದ ನಿಮ್ಮ ಪತ್ರಗಳೂ ಹೆಚ್ಚುಕಮ್ಮಿ ಅವೇ. ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಸಲ ಬಿಸಿಯ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕ. ನಮ್ಮದು 2020ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್, ಇಂಟೆಲ್ ಐ5-10400. ಬೆಳಿಗ್ಗೆ ಚೆನ್ನಾಗಿರುತ್ತದೆ. ಮಧ್ಯಾಹ್ನ ಹಚ್ಚಿದರೆ ಅರ್ಧ ಗಂಟೆಗೆ ಫ್ಯಾನ್ ಜೋರಾಗಿ ಕೂಗುತ್ತದೆ, ಮೌಸ್ ತಡವರಿಸುತ್ತದೆ, ಆಮೇಲೆ ಆಫ್. ಹತ್ತು ನಿಮಿಷ ಬಿಟ್ಟರೆ ಮತ್ತೆ ಹತ್ತುತ್ತದೆ. ಧೂಳು ಬೀಳದಿರಲೆಂದು ಟೇಬಲ್‌ನ ಗೂಡಿನಲ್ಲಿಟ್ಟು ಬಟ್ಟೆಯ ಕವರ್ ಹಾಕಿದ್ದೇವೆ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, 9 ಸಾವಿರ ಆಗುತ್ತದೆ ಅಂದರು. ಹಾಕಿಸಲೇ? (ರಾಯಚೂರಿನಿಂದ)

ಉತ್ತರ: ಈಗಲೇ ಹಾಕಿಸಬೇಡಿ ಸರ್. ನಿಮ್ಮ ಪತ್ರದಲ್ಲೇ ಮುಕ್ಕಾಲು ಉತ್ತರ ಇದೆ. ಮೊದಲು ಫ್ಯಾನ್ ಕೂಗು, ಆಮೇಲೆ ನಿಧಾನ, ಕೊನೆಗೆ ಆಫ್ ಎಂದು ಬರೆದಿದ್ದೀರಿ. ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಕೆಲಸವೆಲ್ಲ ಮಾಡುವ ಮುಖ್ಯ ಚಿಪ್, ಬಿಸಿಯಾದಾಗ ಆಗುವುದು ಸರಿಯಾಗಿ ಇದೇ ಕ್ರಮದಲ್ಲಿ. ಪವರ್ ಸಪ್ಲೈ ಅಥವಾ ಬೋರ್ಡ್ ಕೆಟ್ಟಿದ್ದರೆ ಹೆಚ್ಚಾಗಿ ಯಾವ ಸೂಚನೆಯೂ ಇಲ್ಲದೆ ಟಕ್ಕನೆ ಆಫ್ ಆಗುತ್ತದೆ. ಬೆಳಗಿನ ಹೊತ್ತು ಅಂತ ಅದಕ್ಕೆ ದಾಕ್ಷಿಣ್ಯ ಇರುವುದಿಲ್ಲ.

ನಿಮ್ಮ ಚಿಪ್‌ಗೆ ಇಂಟೆಲ್ ಹಾಕಿರುವ ಮಿತಿ 100 ಡಿಗ್ರಿ ಸೆಲ್ಸಿಯಸ್. ಅಲ್ಲಿ ಮುಟ್ಟಿದಾಗ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೆಲಸ ಕಡಿಮೆ ಮಾಡಿದರೆ ಬಿಸಿಯೂ ಕಡಿಮೆ, ಅಲ್ವಾ? ಮೌಸ್ ತಡವರಿಸುವುದು ಆವಾಗ. ಅಷ್ಟಾದರೂ ಬಿಸಿ ಏರುತ್ತಲೇ ಹೋದರೆ ಮಾತ್ರ ಪೂರ್ತಿ ಆಫ್ ಆಗುತ್ತದೆ. ಅಂದರೆ ಅದು ಕೆಟ್ಟಿಲ್ಲ, ತನ್ನನ್ನು ತಾನು ಉಳಿಸಿಕೊಂಡಿದೆ. 2001ರ ಸುಮಾರಿನ ಎಎಮ್‌ಡಿ ಅಥ್ಲಾನ್ ಚಿಪ್‌ಗಳಲ್ಲಿ ಈ ರಕ್ಷಣೆ ಇರಲಿಲ್ಲ. ಮೇಲಿನ ಹೀಟ್‌ಸಿಂಕ್ (ಚಿಪ್‌ನ ಬಿಸಿ ಎಳೆದುಕೊಳ್ಳುವ ಲೋಹದ ಭಾಗ) ಕಳಚಿದರೆ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತಿದ್ದವು.

ಮಧ್ಯಾಹ್ನವೇ ಯಾಕೆ? ನೀವು ಗಣಿತದವರು, ಒಂದು ಉದಾಹರಣೆಯ ಲೆಕ್ಕ ಹಾಕೋಣ. ಫ್ಯಾನ್ ತಣ್ಣನೆ ಗಾಳಿಯನ್ನು ಹುಟ್ಟಿಸುವುದಿಲ್ಲ, ಕೋಣೆಯ ಗಾಳಿಯನ್ನೇ ಹೀಟ್‌ಸಿಂಕ್ ಮೇಲೆ ಹಾಯಿಸುತ್ತದೆ. ಹಾಗಾಗಿ ಚಿಪ್ ಯಾವತ್ತೂ ಕೋಣೆಗಿಂತ ಇಷ್ಟು ಡಿಗ್ರಿ ಮೇಲೆ ಅಂತ ನಿಲ್ಲುತ್ತದೆ. ಆ ಅಂತರ 50 ಅಂದುಕೊಳ್ಳಿ. ಬೆಳಿಗ್ಗೆ ಕೋಣೆ 28 ಇದ್ದರೆ ಚಿಪ್ 78. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ 41 ಇದ್ದರೆ ಚಿಪ್ 91. ಇಷ್ಟಕ್ಕೇ ನಿಂತಿದ್ದರೆ ನಡೆಯುತ್ತಿತ್ತು. ಆದರೆ ನಿಮ್ಮ ಪೆಟ್ಟಿಗೆ ಇರುವುದು ಮರದ ಗೂಡಿನಲ್ಲಿ, ಮೇಲೆ ಬಟ್ಟೆ ಬೇರೆ. ಹಿಂದಿನಿಂದ ಹೊರಬಿದ್ದ ಬಿಸಿ ಗಾಳಿ ಗೋಡೆಗೆ ತಾಗಿ ಗೂಡಿನೊಳಗೇ ಸುತ್ತುತ್ತದೆ, ಮುಂದಿನಿಂದ ಮತ್ತೆ ಒಳಗೆ ಹೋಗುತ್ತದೆ. ಗೂಡಿನ ಗಾಳಿ ಕೋಣೆಗಿಂತ 10 ಡಿಗ್ರಿ ಜಾಸ್ತಿಯಾದರೂ ಸಾಕು, 100 ದಾಟಿತು.

ನಮ್ಮಪ್ಪ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದರು. ರೈತರು ಸುಟ್ಟ ಮೋಟರ್ ತಂದಾಗ ತಂತಿಯ ವಿಷಯ ಆಮೇಲೆ. ಮೊದಲ ಪ್ರಶ್ನೆ, "ಮೋಟರ್ ಮೇಲೆ ಗೋಣಿಚೀಲ ಹೊದಿಸಿದ್ದೆಯಾ?" ಮಳೆ ಬೀಳಬಾರದು ಅಂತ ಪ್ರೀತಿಯಿಂದ ಹೊದಿಸಿರುತ್ತಿದ್ದರು. ಅದೇ ಪ್ರೀತಿ ಮೋಟರನ್ನು ಸುಡುತ್ತಿತ್ತು. ನಿಮ್ಮ ಬಟ್ಟೆಯ ಕವರ್ ಓದಿದಾಗ ನನಗೆ ಅದೇ ಗೋಣಿಚೀಲ ನೆನಪಾಯಿತು. ಆಫ್ ಮಾಡಿ ಪೂರ್ತಿ ತಣ್ಣಗಾದ ಮೇಲೆ ಕವರ್ ಹಾಕಿ, ಚಿಂತೆಯಿಲ್ಲ. ನಡೆಯುವಾಗ ಬೇಡ.

ಹಾಗಾಗಿ ಇವತ್ತೇ ಪೆಟ್ಟಿಗೆಯನ್ನು ಗೂಡಿನಿಂದ ಹೊರಗೆ ತೆಗೆದು, ಹಿಂದೆ ಒಂದು ಗೇಣು ಜಾಗ ಬಿಟ್ಟು, ಸಣ್ಣ ಸ್ಟೂಲ್ ಮೇಲೆ ಇಡಿ. ನೆಲಕ್ಕೆ ಇಟ್ಟರೆ ಕಸಗುಡಿಸಿದ ಧೂಳೆಲ್ಲ ಅದಕ್ಕೇ. ಚಿಪ್‌ನ ಬಿಸಿ ಎಷ್ಟೆಂದು ತೋರಿಸುವ ಕೋರ್ ಟೆಂಪ್ ಅಥವಾ ಎಚ್‌ಡಬ್ಲ್ಯು ಮಾನಿಟರ್ ಎಂಬ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ, ಹಾಕಿಕೊಳ್ಳಿ. ಎರಡು ದಿನ ಬೆಳಿಗ್ಗೆ, ಮಧ್ಯಾಹ್ನ ಎಷ್ಟು ತೋರಿಸುತ್ತದೆ ಎಂದು ಬರೆದಿಡಿ. ಸುಮ್ನೆ ಇದ್ದಾಗ 45ರಿಂದ 55, ಕೆಲಸದಲ್ಲಿ 80ರ ಆಸುಪಾಸು ಇದ್ದರೆ ನಿಮ್ಮೂರಿನ ಬೇಸಿಗೆಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಹಚ್ಚಿದ ಎರಡು ಮೂರು ನಿಮಿಷಕ್ಕೇ, ಯಾವ ಕೆಲಸವೂ ಇಲ್ಲದೆ, 85-90ಕ್ಕೆ ಏರುತ್ತಿದ್ದರೆ ಮಾತ್ರ ತೊಂದರೆ ಪೆಟ್ಟಿಗೆಯೊಳಗಿದೆ. ಆಗ ಬಾಗಿಲು ತೆಗೆಯಬೇಕು. ನಾವೆಲ್ಲ ಇಡೀ ಪೆಟ್ಟಿಗೆಗೇ ಸಿಪಿಯು ಅನ್ನುತ್ತೇವೆ. ನಿಜವಾದ ಸಿಪಿಯು ಅಂದರೆ ಈ ಪ್ರೊಸೆಸರ್, ಒಳಗೆ ಫ್ಯಾನ್ ಅಡಿಯಲ್ಲಿದೆ. ಅದರೊಳಗಿನ ಸಿಲಿಕಾನ್ ಹೆಬ್ಬೆರಳ ಉಗುರಿನಷ್ಟು. ನಿಮ್ಮದು ಹುಟ್ಟಿಸುವ ಬಿಸಿಯ ಲೆಕ್ಕ 65 ವ್ಯಾಟ್, ಜೋರು ಕೆಲಸವಿದ್ದಾಗ ಸ್ವಲ್ಪ ಹೊತ್ತು ಇನ್ನೂ ಜಾಸ್ತಿ. ಹಳೆಯ 60 ವ್ಯಾಟ್ ಬಲ್ಬನ್ನು ಉರಿಯುವಾಗ ಮುಟ್ಟಿ ಕೈ ಸುಟ್ಟುಕೊಂಡದ್ದು ನೆನಪಿದೆಯಾ? ಅಷ್ಟು ಬಿಸಿ ಒಂದು ಉಗುರಿನಷ್ಟು ಜಾಗದಿಂದ ಹೊರಗೆ ಬರಬೇಕು.

ಆ ಬಿಸಿ ದಾಟುವ ಸೇತುವೆ ಥರ್ಮಲ್ ಪೇಸ್ಟ್. ಚಿಪ್ ಮತ್ತು ಹೀಟ್‌ಸಿಂಕ್ ಎರಡರ ಮೈಯೂ ನುಣುಪಾಗಿ ಕಂಡರೂ ಕಣ್ಣಿಗೆ ಕಾಣದ ತಗ್ಗುಗಳಿರುತ್ತವೆ. ಅಲ್ಲಿ ಗಾಳಿ ನಿಲ್ಲುತ್ತದೆ. ತಾಮ್ರಕ್ಕೆ ಹೋಲಿಸಿದರೆ ಬಿಸಿ ದಾಟಿಸುವುದರಲ್ಲಿ ಗಾಳಿ ಸುಮಾರು 15 ಸಾವಿರ ಪಾಲು ಹಿಂದೆ. ಪೇಸ್ಟ್ ಆ ತಗ್ಗು ತುಂಬುತ್ತದೆ. ಐದಾರು ವರ್ಷವಾದ ಪೇಸ್ಟ್ ಒಣಗಿ ಗೋಡೆಯ ಸುಣ್ಣದ ಹಾಗೆ ಉದುರುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಎಷ್ಟೋ ಸ್ಯಾನಿಟೈಸರ್‌ಗಳಲ್ಲಿ ಗ್ಲಿಸರಿನ್ ಇದ್ದು ಜಿಡ್ಡು ಉಳಿಯುತ್ತದೆ. ಹೊಸ ಪೇಸ್ಟ್ ನಡುವಿಗೆ ತೊಗರಿಕಾಳಿನಷ್ಟು ಇಟ್ಟರೆ ಸಾಕು, ಒತ್ತಿದಾಗ ತಾನೇ ಹರಡುತ್ತದೆ. ಜಾಸ್ತಿ ಹಾಕಿದರೆ ಒಳ್ಳೆಯದಲ್ಲ. ಪೇಸ್ಟ್ ಗಾಳಿಗಿಂತ ವಾಸಿಯೇ ಹೊರತು ಲೋಹಕ್ಕೆ ಸಮನಲ್ಲ. ಟೂತ್‌ಪೇಸ್ಟ್ ಹಾಕಿ ತಂದವರನ್ನೂ ನೋಡಿದ್ದೇನೆ. ಒಂದೆರಡು ದಿನ ಕೆಲಸ ಮಾಡಿ ಒಣಗಿಹೋಗುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಮುಖ್ಯ ಮಾತು. ಹೀಟ್‌ಸಿಂಕ್, ಫ್ಯಾನ್ ಎರಡೂ ಸೇರಿದ್ದಕ್ಕೆ ಕೂಲರ್ ಅನ್ನುತ್ತೇವೆ. ನಿಮ್ಮದು ಇಂಟೆಲ್ ಜೊತೆ ಬಂದ ಕೂಲರ್ ಆದರೆ ಅದಕ್ಕೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಪಿನ್ ಇರುತ್ತವೆ. ಮೂರು ಕೂತು ನಾಲ್ಕನೆಯದು ಎದ್ದಿರುವುದು ನಾನು ಕಾಣುವ ಬಹಳ ಸಾಮಾನ್ಯ ತಪ್ಪು. ಕೂಲರ್ ಒಂದು ಕಡೆ ಕೂದಲೆಳೆಯಷ್ಟು ಮೇಲೆದ್ದರೂ ಪೇಸ್ಟ್ ಹಾಕಿ ಏನು ಪ್ರಯೋಜನ? ಕೂಡಿಸುವಾಗ ಎದುರುಬದುರಿನ ಎರಡೆರಡನ್ನು ಒತ್ತಿ, ಟಕ್ ಅನ್ನುವ ಸದ್ದು ಬರಬೇಕು. ಆಮೇಲೆ ಕೂಲರನ್ನು ಮೆಲ್ಲಗೆ ಅಲುಗಾಡಿಸಿ ನೋಡಿ. ಅಲುಗಿದರೆ ಕೂತಿಲ್ಲ.

ಪೇಸ್ಟಿನ ಸಣ್ಣ ಸಿರಿಂಜ್ ಐನೂರು ರೂಪಾಯಿಯೊಳಗೆ ಸಿಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಆಫ್ ಆದರೆ ಮದರ್‌ಬೋರ್ಡ್ ಮಾತು ತೆಗೆಯೋಣ. ಮೊದಲೇ 9 ಸಾವಿರ ಕೇಳುವುದು ನ್ಯಾಯವಲ್ಲ. ಪೆನ್ಷನ್ ಹಣದಲ್ಲಿ ಬದುಕುವವರಿಂದ ಕೇಳುವುದಂತೂ ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಪ್ರಶ್ನೆ: ಮನೆಯಲ್ಲೇ ಕಂಪ್ಯೂಟರ್ ಕ್ಲೀನ್ ಮಾಡಬಹುದೇ? ವ್ಯಾಕ್ಯೂಮ್ ಕ್ಲೀನರ್ ಇದೆ. ಹೋದ ಸಲ ಬಾಗಿಲು ತೆಗೆದಾಗ ಮನೆಯವರೆಲ್ಲ ಸೀನಿ ಸೀನಿ ಸಾಕಾಯಿತು. (ಬ್ಯಾಡಗಿಯಿಂದ)

ಉತ್ತರ: ಸೀನದೆ ಇರುತ್ತೀರಾ! ನಿಮ್ಮೂರಿನ ಪೆಟ್ಟಿಗೆ ತೆಗೆಯುವಾಗ ನಾನು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಮೆಣಸಿನಕಾಯಿ ಧೂಳು ಕೆಂಪಗೆ ಫ್ಯಾನ್ ರೆಕ್ಕೆಯ ಮೇಲೆ ಕೂತಿರುತ್ತದೆ. ಧೂಳು ನೋಡಿ ಊರು ಹೇಳುವಷ್ಟು ನನಗೆ ರೂಢಿಯಾಗಿದೆ. ಬಳ್ಳಾರಿ, ಸಂಡೂರು ಕಡೆಯದು ಅದಿರಿನ ಕೆಂಪು, ನುಣ್ಣಗೆ, ಭಾರ. ಹತ್ತಿ ಜಿನ್ನಿಂಗ್ ಹತ್ತಿರದ ಮನೆಯದು ಬಿಳಿ ಎಳೆ. ಹಿಟ್ಟಿನ ಗಿರಣಿ ಪಕ್ಕದ್ದು ಮಳೆಗಾಲದಲ್ಲಿ ಹದವಾಗಿ ಅಂಟಿಕೊಂಡಿರುತ್ತದೆ. ಎಲ್ಲಕ್ಕಿಂತ ಕಷ್ಟ ದೇವರಮನೆ ಅಥವಾ ಅಡುಗೆಮನೆ ಪಕ್ಕದ್ದು. ಊದುಬತ್ತಿ ಹೊಗೆ, ಒಗ್ಗರಣೆ ಎಣ್ಣೆ ಸೇರಿ ಜಿಡ್ಡಾಗಿರುತ್ತದೆ, ಊದಿದರೆ ಹೋಗುವುದಿಲ್ಲ.

ಮನೆಯಲ್ಲೇ ಮಾಡಬಹುದು. ಅಂಗಳಕ್ಕೆ ತನ್ನಿ, ಮಕ್ಕಳನ್ನು ದೂರ ಕಳಿಸಿ, ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬರುವಂತೆ ನಿಲ್ಲಿ. ಎಲ್ಲ ವೈರ್ ಕಿತ್ತ ಮೇಲೆ ಪವರ್ ಬಟನ್ ಒಂದೈದು ಸೆಕೆಂಡು ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ವ್ಯಾಕ್ಯೂಮ್ ಕ್ಲೀನರ್ ಒಳಗೆ ಬಿಡಬೇಡಿ. ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ ಬೋರ್ಡಿಗೆ ತಗಲಬಹುದು. ಗೋಡೆಗೆ ಬಣ್ಣ ಬಳಿಯುವ ಹೊಸ ಒಂದಿಂಚಿನ ಬ್ರಷ್ ಮತ್ತು ಕೈ ಬ್ಲೋವರ್ ಸಾಕು. ಬ್ಲೋವರ್ ಹಿಡಿದಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದು ನಿಲ್ಲಿಸಿ. ಗರಗರ ತಿರುಗುವುದು ನೋಡಲು ಚೆಂದ, ಆದರೆ ಬೇರಿಂಗ್ ಹಾಳಾಗುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಮೇಲಿನಿಂದ ನೋಡಿದರೆ ಫ್ಯಾನ್ ಸ್ವಚ್ಛವಾಗಿ ಕಾಣುತ್ತದೆ, ಜನ ಅಷ್ಟಕ್ಕೇ ಬಾಗಿಲು ಮುಚ್ಚುತ್ತಾರೆ. ನಿಜವಾದ ಧೂಳು ಫ್ಯಾನ್ ಮತ್ತು ಹೀಟ್‌ಸಿಂಕ್ ನಡುವೆ ಇರುತ್ತದೆ. ಫ್ಯಾನ್ ಬಿಚ್ಚಿ ನೋಡಿ, ಕಂಬಳಿ ಹಾಸಿದ ಹಾಗೆ ದಪ್ಪಗೆ ಕೂತಿರುತ್ತದೆ. ಚಿಮಟಿಗೆಯಲ್ಲಿ ಹಿಡಿದರೆ ಇಡಿಯಾಗಿ ಎದ್ದು ಬರುತ್ತದೆ. ಅದೊಂದು ತೆಗೆದ ಮಾತ್ರಕ್ಕೆ 15-20 ಡಿಗ್ರಿ ಇಳಿದದ್ದನ್ನು ನನ್ನ ಅಂಗಡಿಯಲ್ಲಿ ಕಂಡಿದ್ದೇನೆ. ನಿಮ್ಮೂರಿಗಾದರೆ ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೆ ಒಮ್ಮೆ, ದೀಪಾವಳಿಗೆ ಮನೆ ತೊಳೆಯುವಾಗ ಒಮ್ಮೆ ಮಾಡಿ. ಆಮೇಲೆ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ!

ಪ್ರಶ್ನೆ: ಹೊಸದಾಗಿ ಎಎಮ್‌ಡಿ ರೈಜನ್ 5 7600 ಪ್ರೊಸೆಸರ್ ಇರುವ ಪಿಸಿ ಮಾಡಿಸಿದೆ. ಗೇಮ್ ಆಡುವಾಗ 88-90 ಡಿಗ್ರಿ ತೋರಿಸುತ್ತದೆ. ಗೆಳೆಯರು ಹೀಗೇ ಬಿಟ್ಟರೆ ಸುಟ್ಟುಹೋಗುತ್ತದೆ, ನೀರು ಹರಿಸಿ ಚಿಪ್ ತಣಿಸುವ ವಾಟರ್ ಕೂಲರ್ ಹಾಕಿಸು ಅನ್ನುತ್ತಾರೆ. ಅಪ್ಪನ ಹತ್ತಿರ ಮತ್ತೆ ದುಡ್ಡು ಕೇಳಲು ಮನಸ್ಸಿಲ್ಲ. (ಪುತ್ತೂರಿನಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಕೇಳಬೇಡಪ್ಪ. ನಿನ್ನ ಚಿಪ್‌ಗೆ ಎಎಮ್‌ಡಿ ಕೊಟ್ಟಿರುವ ಮಿತಿ 95 ಡಿಗ್ರಿ. ಈ 7000 ಸಾಲಿನ ಚಿಪ್‌ಗಳು ಬಂದಾಗಲೇ, ಜೋರು ಕೆಲಸದಲ್ಲಿ 95ರವರೆಗೆ ಹೋಗುವಂತೆ ಮಾಡಿದ್ದೇವೆ ಎಂದು ಕಂಪನಿಯೇ ಹೇಳಿತ್ತು. ಸುಟ್ಟುಹೋಗುವುದಿಲ್ಲ. ಹಾಗಂತ 90 ನನಗೆ ಖುಷಿಯೂ ಅಲ್ಲ. ಪೆಟ್ಟಿಗೆಯೊಳಗಿನ ಬಿಸಿ ಬೋರ್ಡಿನ ಬೇರೆ ಭಾಗಗಳಿಗೂ ತಾಗುತ್ತದೆ. ಬೋರ್ಡ್ ಮೇಲೆ ಸಣ್ಣ ಡಬ್ಬಿಯ ಹಾಗೆ ಕಾಣುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ವಿಷಯದಲ್ಲಿ ಒಂದು ಹಳೆಯ ಲೆಕ್ಕವಿದೆ: 10 ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧ.

ದುಡ್ಡಿಲ್ಲದೆ ಆಗುವುದನ್ನು ಮೊದಲು ಮಾಡು. ನಿನ್ನ ಮಾನಿಟರ್ 60 ಹರ್ಟ್ಸ್‌ನದ್ದಾದರೆ, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುವಂಥದ್ದಾದರೆ, ಗೇಮ್ ಸೆಕೆಂಡಿಗೆ 200 ಫ್ರೇಮ್ (ಚಿತ್ರ) ಮಾಡಿದರೂ ನಿನಗೆ ಕಾಣುವುದು 60 ಮಾತ್ರ. ಉಳಿದದ್ದೆಲ್ಲ ಬರೀ ಬಿಸಿ. ಗೇಮ್ ಸೆಟ್ಟಿಂಗ್‌ನಲ್ಲಿ ಫ್ರೇಮ್ ಮಿತಿ 60ಕ್ಕೆ ಇಡು. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್) ಇಕೋ ಮೋಡ್ ಇದ್ದರೆ ಆನ್ ಮಾಡು. ಚಿಪ್ ಕಡಿಮೆ ವ್ಯಾಟ್ ತಿನ್ನುತ್ತದೆ, ಗೇಮ್‌ನಲ್ಲಿ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಪೆಟ್ಟಿಗೆಯ ಮುಂದಿನ ಫ್ಯಾನ್ ಗಾಳಿಯನ್ನು ಒಳಗೆ ಎಳೆಯುತ್ತಿದೆಯಾ, ಹಿಂದಿನದು ಹೊರಗೆ ದಬ್ಬುತ್ತಿದೆಯಾ ಎಂದು ಒಂದು ತುಂಡು ಕಾಗದ ಹಿಡಿದು ನೋಡು. ಎರಡೂ ಹೊರಗೇ ದಬ್ಬುವಂತೆ ಕೂಡಿಸಿದ್ದನ್ನು ನಾನು ಕಂಡಿದ್ದೇನೆ. ಮುಂದೆ ಯಾವಾಗಲಾದರೂ ನಿನ್ನದೇ ಸಂಪಾದನೆಯಲ್ಲಿ ತೆಗೆದುಕೊಳ್ಳುವುದಾದರೆ ಎರಡು ಸಾವಿರದ ಆಸುಪಾಸಿನ ಎತ್ತರದ, ಚಿಪ್ ಮೇಲೆ ಕೂರುವ ಏರ್ ಕೂಲರ್ ಸಾಕು. ವಾಟರ್ ಕೂಲರ್‌ನಲ್ಲಿ ಪಂಪ್ ಇರುತ್ತದೆ. ಇನ್ನೊಂದು ಕೆಡುವ ಭಾಗ ಮನೆಗೆ ಬಂದ ಹಾಗೆ.

ಹೊಸ ಕೂಲರ್ ತಂದರೆ ಅದರ ತಳದಲ್ಲಿ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ತೆಗೆಯಲೇಬೇಕು. ಹಾವೇರಿಯ ಒಬ್ಬ ಹುಡುಗನ ಹೊಸ ಪಿಸಿ ಹಚ್ಚಿದ ಒಂದು ನಿಮಿಷಕ್ಕೆ 95 ಆಗುತ್ತಿತ್ತು. ಜೋಡಿಸಿದವರು ಆ ಹಾಳೆ ಬಿಟ್ಟಿದ್ದರು, ಪೇಸ್ಟ್ ಅದರ ಮೇಲೇ ಹಚ್ಚಿತ್ತು.

ನಿನ್ನ ಗೆಳೆಯರ ಹತ್ತಿರ ಹಳೆಯ ಎಎಮ್4 ಸಾಕೆಟ್‌ನ (ಬೋರ್ಡ್ ಮೇಲೆ ಚಿಪ್ ಕೂರುವ ಜಾಗ) ರೈಜನ್ ಇದ್ದರೆ ಇದನ್ನು ಅವರಿಗೆ ಹೇಳು. ಅದರ ಪಿನ್‌ಗಳು ಚಿಪ್‌ನ ಹೊಟ್ಟೆಯಲ್ಲೇ ಇರುತ್ತವೆ. ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಎಳೆದಾಗ ಚಿಪ್ ಕೂಡ ಸಾಕೆಟ್ ಬಿಟ್ಟು ಕಿತ್ತು ಬರುತ್ತದೆ. ನನ್ನ ಕೈಯಲ್ಲೇ ಒಮ್ಮೆ ಹಾಗಾಗಿ ಮೂರು ಪಿನ್ ಮುರಿದವು. ಬೇರೆ ಚಿಪ್ ತರಿಸಿಕೊಟ್ಟೆ, ಆದರೆ ಆ ಹೆಣ್ಣುಮಗಳ ಪ್ರಾಜೆಕ್ಟ್ ಒಂದು ವಾರ ನಿಂತಿತು, ಅದು ಈಗಲೂ ಮನಸ್ಸಿನಲ್ಲಿದೆ. ಬಿಚ್ಚುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿದರೆ ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಮೇಲೆ ಎಳೆಯದೆ ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ ಬಿಡಿಸಬೇಕು.

ಪ್ರಶ್ನೆ: ಹಚ್ಚಿದ ಕೂಡಲೇ ಸಿಪಿಯು ಫ್ಯಾನ್ ಎರರ್ ಅಂತ ಬರುತ್ತದೆ. ಎಫ್1 ಒತ್ತಿದರೆ ಮುಂದೆ ಹೋಗುತ್ತದೆ. ಫ್ಯಾನ್ ಕಿರ್ ಅನ್ನುತ್ತಿತ್ತು, ತೆಂಗಿನ ಎಣ್ಣೆ ಬಿಟ್ಟೆ, ನಾಲ್ಕು ದಿನ ಸರಿಯಿತ್ತು. (ಶಿರಸಿಯಿಂದ)

ಉತ್ತರ: ಎಫ್1 ಒತ್ತುವುದನ್ನು ನಿಲ್ಲಿಸಿ. ಫ್ಯಾನ್ ತಿರುಗುತ್ತಿಲ್ಲ ಅಥವಾ ತೀರಾ ನಿಧಾನ ಇದೆ ಎಂದು ಅದು ನಿಮಗೆ ದಿನವೂ ಹೇಳುತ್ತಿದೆ.

ತೆಂಗಿನ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಶಿರಸಿಯ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಕೂತಿರುತ್ತದಲ್ಲ, ಬೇರಿಂಗ್‌ನಲ್ಲೂ ಹಾಗೇ. ಧೂಳನ್ನೂ ಹಿಡಿದುಕೊಳ್ಳುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ಕೆಲವು ವಾರ ನಡೆಯಬಹುದು, ಅಷ್ಟರಲ್ಲಿ ಹೊಸ ಫ್ಯಾನ್ ತರಿಸಿ. ಅದರ ವೈರನ್ನು ಬೋರ್ಡ್ ಮೇಲೆ ಸಿಪಿಯು ಫ್ಯಾನ್ ಎಂದು ಬರೆದಿರುವ ಜಾಗಕ್ಕೇ ಕೊಡಬೇಕು, ಪಕ್ಕದ್ದಕ್ಕೆ ಕೊಟ್ಟರೆ ಇದೇ ಎರರ್ ಮತ್ತೆ ಬರುತ್ತದೆ. ಎಣ್ಣೆಗೂ ಮೊದಲು ಒಳಗೆ ಒಮ್ಮೆ ಬ್ಯಾಟರಿ ಬೆಳಕು ಬಿಟ್ಟು ನೋಡಿ. ಮಲೆನಾಡಿನಿಂದ ಬಂದ ಪೆಟ್ಟಿಗೆಗಳಲ್ಲಿ ಸತ್ತ ಹಲ್ಲಿ ರೆಕ್ಕೆಗೆ ಸಿಕ್ಕಿಕೊಂಡದ್ದು, ಇರುವೆ ಗೂಡು ಎರಡೂ ನನಗೆ ಸಿಕ್ಕಿವೆ. ಹಿಂಬದಿ ಕಾರ್ಡ್ ಇಲ್ಲದ ಕಂಡಿಗಳಿಗೆ ತಗಡಿನ ಪಟ್ಟಿ ಹಾಕಿಸಿ, ಅವು ಬರುವುದು ಅಲ್ಲಿಂದಲೇ.

ಪ್ರಶ್ನೆ: ಡಿಟಿಪಿ ಕೆಲಸ ಮಾಡುತ್ತೇನೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದು ಬಿಟ್ಟರೆ ಬೇರೇನಿಲ್ಲ. ಆದರೂ ಫ್ಯಾನ್ ಇಡೀ ದಿನ ಜೋರು. ಧೂಳು ತೆಗೆಸಿ ಪೇಸ್ಟ್ ಹಾಕಿಸಿಯಾಯಿತು. (ದಾವಣಗೆರೆಯಿಂದ)

ಉತ್ತರ: ನುಡಿಯಲ್ಲಿ ಟೈಪ್ ಮಾಡುವುದಕ್ಕೆ ಪ್ರೊಸೆಸರ್ ಬೆವರುವುದಿಲ್ಲ. ಬೇರೆ ಯಾರೋ ಅದರಿಂದ ಕೆಲಸ ಮಾಡಿಸುತ್ತಿದ್ದಾರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸಿಪಿಯು ಎಂಬ ಸಾಲಿನ ತಲೆಯ ಮೇಲೆ ಒತ್ತಿ. ಜಾಸ್ತಿ ತಿನ್ನುವ ಪ್ರೋಗ್ರಾಂ ಮೇಲೆ ಬರುತ್ತದೆ. ವಿಂಡೋಸ್ ಅಪ್‌ಡೇಟ್ ಆಗಿದ್ದರೆ ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ. ಬ್ರೌಸರ್ ಆಗಿದ್ದರೆ ಬೇಡದ ಟ್ಯಾಬ್ ಮುಚ್ಚಿ.

ನೀವು ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಫ್ಯಾನ್ ಸುಮ್ಮನಾಗಿ, ಮುಚ್ಚಿದ ಮೇಲೆ ಮತ್ತೆ ಜೋರಾಗುತ್ತಿದೆಯಾ, ಗಮನಿಸಿ. ಹಾಗಿದ್ದರೆ ಕ್ರಿಪ್ಟೊ ಮೈನರ್ ಕೂತಿರುವ ಅನುಮಾನ ನನಗೆ. ನಿಮ್ಮ ಪ್ರೊಸೆಸರ್, ನಿಮ್ಮ ಕರೆಂಟ್ ಬಳಸಿ ಬೇರೆಯವರಿಗೆ ಕ್ರಿಪ್ಟೊ ನಾಣ್ಯ ಗಳಿಸುವ ಕಳ್ಳ ಪ್ರೋಗ್ರಾಂ ಅದು. ಅಂಥ ಎಷ್ಟೋ ಪ್ರೋಗ್ರಾಂಗಳು ಟಾಸ್ಕ್ ಮ್ಯಾನೇಜರ್ ಕಂಡರೆ ಅಡಗಿಕೊಳ್ಳುತ್ತವೆ. ಪುಕ್ಕಟೆ ಸಿಕ್ಕ ಕಳ್ಳ ಪ್ರತಿ ಫೋಟೊಶಾಪ್, ಕೋರಲ್ ಡ್ರಾ ಜೊತೆ ಇವು ಒಳಗೆ ಬರುತ್ತವೆ. ಅಂಥದ್ದು ಇದ್ದರೆ ಕಿತ್ತುಹಾಕಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಗಿರಾಕಿಗಳ ಮದುವೆ ಕಾರ್ಡ್, ಪುಸ್ತಕದ ಫೈಲ್ ಎಲ್ಲ ನಿಮ್ಮಲ್ಲಿರುತ್ತವೆ. ಅದಕ್ಕೂ ಮೊದಲು ಅವನ್ನು ಬೇರೆ ಡಿಸ್ಕ್‌ಗೆ ತೆಗೆದಿಡಿ.

ಪ್ರಶ್ನೆ: ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದು, ನೀರಿನ ಏರ್ ಕೂಲರ್ ಎದುರಿಗೆ ಇಟ್ಟರೆ ತಣ್ಣಗಿರುತ್ತದಲ್ಲವೇ? (ಕಲಬುರಗಿಯಿಂದ)

ಉತ್ತರ: ಕಲಬುರಗಿ ಬಿಸಿಲಿಗೆ ಹೀಗೆ ಅನ್ನಿಸುವುದು ಸಹಜ. ಬಾಗಿಲು ತೆಗೆದರೆ ಕೆಲವು ಡಿಗ್ರಿ ಇಳಿಯಬಹುದು, ಆದರೆ ಧೂಳು ನೇರ ಒಳಗೆ. ಒಂದೆರಡು ದಿನಕ್ಕೆ ಪರವಾಗಿಲ್ಲ, ಬೇಸಿಗೆಯಿಡೀ ಬೇಡ. ಏರ್ ಕೂಲರ್ ಎದುರಿಗಂತೂ ಬೇಡವೇ ಬೇಡ. ಅದರ ಗಾಳಿಯಲ್ಲಿ ತೇವ ಇರುತ್ತದೆ, ಕೆಲವೊಮ್ಮೆ ಸಣ್ಣ ಹನಿಯೂ ಹಾರುತ್ತದೆ. ಬೋರ್‌ವೆಲ್ ನೀರಾದರೆ ಆ ಹನಿ ಒಣಗಿ ಬೋರ್ಡ್ ಮೇಲೆ ಬಿಳಿ ಉಪ್ಪು ಉಳಿಯುತ್ತದೆ, ಬಿಡಿಭಾಗಗಳ ಲೋಹದ ಕಾಲುಗಳು ತುಕ್ಕು ಹಿಡಿಯುತ್ತವೆ.

ಇನ್ನೊಂದು ದಾರಿ ಇದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುವುದನ್ನು 99 ಮಾಡಿ. ಒಂದೇ ಅಂಕಿ ಕಡಿಮೆ, ಆದರೆ ಹೆಚ್ಚಿನ ಇಂಟೆಲ್ ಕಂಪ್ಯೂಟರ್‌ಗಳಲ್ಲಿ ಅದರಿಂದ ಟರ್ಬೊ, ಅಂದರೆ ಚಿಪ್ ತನ್ನ ವೇಗವನ್ನು ತಾನೇ ಏರಿಸಿಕೊಳ್ಳುವುದು, ನಿಲ್ಲುತ್ತದೆ. ವೇಗ ಸ್ವಲ್ಪ ಇಳಿದು, ಬಿಸಿ ಚೆನ್ನಾಗಿ ಇಳಿಯುತ್ತದೆ. ಮಳೆ ಬಿದ್ದ ಮೇಲೆ ಮತ್ತೆ 100 ಮಾಡಿಕೊಳ್ಳಿ. ಕೂಲರ್ ಗಾಳಿ ನಿಮ್ಮ ಮೇಲೆ ಬರಲಿ, ಪೆಟ್ಟಿಗೆ ಬೇರೆ ಮೂಲೆಯಲ್ಲಿರಲಿ. ಕೂಲರ್ ಹಚ್ಚಿದಾಗ ಕಿಟಕಿ ಒಂದು ಗೇಣು ತೆರೆದಿಡಿ, ಇಲ್ಲದಿದ್ದರೆ ಕೋಣೆಯೆಲ್ಲ ತೇವವೇ ತುಂಬಿಕೊಳ್ಳುತ್ತದೆ.